ಗದ್ದದ ಮೇಲಿನ ಬಿಳಿ ಚುಕ್ಕೆ

ನಮ್ಮ ಬಳಗದಲ್ಲಿ ಯಾರು ಕನ್ಯೆ ನೋಡಲು ಹೊರಟರೂ ಜೀಪಿನಲ್ಲಿ ನನಗೊಂದು ಸೀಟು ಇರಲೇಬೇಕು. ಜೇವರ್ಗಿಯ ಗೌರಾಬಾಯಿಯ ನಜರು ತಪ್ಪಿಸಿ ಯಾವ ಐಬೂ ನಮ್ಮ ಹೊಸಿಲು ದಾಟಿಲ್ಲ ಎಂದು ಜನ ಹೇಳುತ್ತಾರೆ. ನಾನೂ ಇಲ್ಲವೆನ್ನುವುದಿಲ್ಲ. ಹುಡುಗಿಯ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ಕಿವಿ ನೋಡುತ್ತೇನೆ. ಸೂಜಿಗೆ ದಾರ ಪೋಣಿಸಲು ಕೊಟ್ಟು ಕಣ್ಣು ನೋಡುತ್ತೇನೆ. ಕೊನೆಗೆ ಅಂಗಳಕ್ಕೆ ಕರೆದು ಬಿಸಿಲಲ್ಲಿ ನಿಲ್ಲಿಸಿ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳುತ್ತೇನೆ. ಒಳಗಿನ ಟ್ಯೂಬ್‌ಲೈಟಿನಲ್ಲಿ ಯಾವ ಹುಡುಗಿಯಾದರೂ ಚೆಂದವೇ ಕಾಣುತ್ತಾಳೆ.

ನೆಲೋಗಿಯಲ್ಲಿರುವ ನನ್ನ ತಂಗಿ ಸಾಬಮ್ಮ ತನ್ನ ಮಗ ಅಮರನಾಥನಿಗೆ ಭೂಸನೂರಿನಲ್ಲೊಂದು ಹುಡುಗಿ ಇದೆ ಅಂದಾಗ ನಾನೇ ಮೊದಲು ಜೀಪು ಹತ್ತಿದೆ. ಹುಡುಗಿಯ ಹೆಸರು ಸೃಷ್ಟಿ, ಆಳಂದದ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ತಂದೆ ಬಸವಂತರಾಯರದು ಕಬ್ಬಿನ ಹೊಲ. ಎಲ್ಲ ಸರಿಯಾಗಿತ್ತು. ಎಲ್ಲ ಇಷ್ಟು ಸರಿಯಾಗಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಜೀಪಿನಿಂದ ಇಳಿದಾಗಲೇ ಶಕ್ ಶುರುವಾಯಿತು. ಬಸವಂತರಾಯರು ನಗುನಗುತ್ತ ಎಲ್ಲರಿಗೂ ಕೈಮುಗಿಯುತ್ತ ಬಂದವರು ನನ್ನ ಮುಖ ಕಂಡದ್ದೇ ಗಕ್ಕನೆ ನಿಂತುಬಿಟ್ಟರು. ನಗು ಎಲ್ಲಿ ಹೋಯಿತೋ ಏನೋ. ಮುಚ್ಚಿಡುವುದು ಏನಾದರೂ ಇದ್ದವರೇ ಹಾಗೆ ನಿಲ್ಲುವುದು. ಚಹಾ ತಂದ ಹುಡುಗಿ ಸಾಬಮ್ಮನಿಗೆ ನೆಟ್ಟಗೆ ಕೊಟ್ಟಳು, ನನ್ನ ಮುಂದೆ ಬಂದಾಗ ಅವಳ ಕೈಯಲ್ಲಿನ ಕಪ್ಪು-ಬಸಿ ಗಡಗಡ ಅಂದವು. ಪೌಡರನ್ನು ಎಲ್ಲರೂ ಹಚ್ಚುತ್ತಾರೆ, ಅದು ತಪ್ಪಲ್ಲ. ಇವಳ ಗದ್ದದ ಮೇಲೆ ಮಾತ್ರ ಎರಡು ಪದರ ಇತ್ತು.

"ಬಾರವ್ವಾ, ಜರಾ ಅಂಗಳಕ್ಕ ಬಾ. ಬಿಸಲಾಗ ನಿಂತು ಮಾತಾಡೂಣು," ಅಂದೆ. ಬಂದು ನಿಂತಳು. "ಮಾರಿ ತೊಳಕೊಂಡು ಬಾ," ಅಂದೆ.

"ಅಕ್ಕಾ, ಸಾಕು ಬಿಡಬೇ," ಎಂದು ಸಾಬಮ್ಮ ನನ್ನ ಸೆರಗು ಜಗ್ಗಿದಳು. ನಾನು ಬಿಡುವವಳಲ್ಲ. ಹುಡುಗಿ ಬಚ್ಚಲಿಗೆ ಹೋಗಿ ಮುಖ ತೊಳೆದು, ಒರೆಸಿಕೊಳ್ಳದೆಯೇ ಬಂದು ನನ್ನೆದುರು ನಿಂತಳು. ಕೆಳತುಟಿಯ ಕೆಳಗೆ, ಎಡಕ್ಕೆ, ತೊಗರಿಬೇಳೆಯಷ್ಟು ಜಾಗ ಬೆಳ್ಳಗೆ ಕಂಡಿತು. ನನ್ನ ಎದೆ ಧಸಕ್ಕೆಂದಿತು, ಖುಷಿಯೂ ಆಯಿತು. ಸುಳ್ಳು ಯಾಕೆ ಹೇಳಲಿ, ಹಿಡಿದೆ ಅನ್ನುವ ಖುಷಿ.

"ಇದೇನವ್ವಾ?"

"ಮಚ್ಚಿ ಇತ್ತರಿ. ಕಲಬುರಗಿ ದವಾಖಾನ್ಯಾಗ ಲೇಸರ್ ಮಾಡಿಸಿ ತಗಿಸೇನಿ. ಎಂಟು ತಿಂಗಳಾತು."

"ಏನರ ತ್ರಾಸ ಇತ್ತೇನು?"

"ಏನೂ ಇರಲಿಲ್ರಿ. ಇದರಿಂದ ಯಾವ ಅಪಾಯನೂ ಇಲ್ಲ, ಇದ್ರ ಇರಲಿ ಅಂತ ಡಾಕ್ಟರೂ ಅಂದ್ರು."

"ಮತ್ತ ಇದ್ದದ್ದು ಯಾಕ ತಗಿಸಿದಿ?"

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ನಿಮಗ ಖರೇನೇ ನೆನಪಿಲ್ಲೇನ್ರಿ?" ಅಂದವಳು ಉತ್ತರಕ್ಕೂ ಕಾಯದೆ ಒಳಗೆ ಹೋದಳು.

ಎಂಥ ಸೊಕ್ಕು ನೋಡಿ! ನಾನು ಕೇಳಿದ ಪ್ರಶ್ನೆಯನ್ನು ನನ್ನ ಮೇಲೆಯೇ ತಿರುಗಿಸಿದಳು. ಆದರೆ ಅಷ್ಟರೊಳಗೆ ಫೋಟೊ ತೆಗೆದಾಗಿತ್ತು.

ಜೀಪಿನಲ್ಲಿ ಕೂತದ್ದೇ ನಾನು ಹೇಳಿದೆ, "ತೊನ್ನು. ನೂರಕ್ಕ ನೂರು ತೊನ್ನು."

ಸಾಬಮ್ಮ ಬಾಯಿಗೆ ಕೈ ಹಚ್ಚಿಕೊಂಡಳು. ಅಮರನಾಥ ಮುಂದಿನ ಸೀಟಿನಿಂದಲೇ, "ದೊಡ್ಡವ್ವಾ, ಅಕಿ ಮಚ್ಚಿ ಅಂತ ಹೇಳಿದಳಲ್ಲ. ನನಗ ಹುಡುಗಿ ಪಸಂದ ಅದಾಳ," ಅಂದ. ಹತ್ತು ನಿಮಿಷ ನೋಡಿದ್ದಕ್ಕೇ ಇವನಿಗೆ ಇಷ್ಟು ನಂಬಿಕೆ! ಅದಕ್ಕೇ ಕಲಬುರಗಿಯಲ್ಲಿ ಜೀಪು ನಿಲ್ಲಿಸಿ ಒಂದು ಚರ್ಮದ ದವಾಖಾನೆಗೆ ನಡೆದೆ. ನನ್ನ ಕುತ್ತಿಗೆಯ ಹಿಂದೆ ಹದಿನೈದು ವರ್ಷದಿಂದ ಒಂದು ಮೆತ್ತನೆಯ ಗಂಟಿದೆ. ಅದನ್ನು ತೋರಿಸುವ ನೆಪ ಹೂಡಿದೆ.

ಡಾಕ್ಟರು ಒತ್ತಿ ನೋಡಿ, "ಏನೂ ಫಿಕರ್ ಮಾಡಬ್ಯಾಡ್ರಿ, ಇದ್ರೂ ನಡೀತದ. ಚೆಂದ ಕಾಣಬೇಕಂದ್ರ ತಗಸ್ರಿ," ಅಂದರು.

"ನನ್ನ ಚೆಂದ ಹಾಳಾಗಿ ಹೋಗ್ಲಿ. ಮಚ್ಚಿ ತಗಿಸಿದ್ರ ಅಲ್ಲಿ ಬೆಳ್ಳಗ ಆಗ್ತದೇನ್ರಿ?"

"ಕೆಲವರಿಗೆ ಆಗ್ತದ್ರಿ. ವರ್ಷ, ಎರಡು ವರ್ಷದಾಗ ಮೈಬಣ್ಣಕ್ಕ ಕೂಡ್ತದ, ಒಮ್ಮೊಮ್ಮೆ ಜರಾ ಉಳೀತದ."

ಹಾಗನ್ನದೆ ಇನ್ನೇನಂದಾರು? ಅಂಗಡಿಯವನು ತನ್ನ ಬಟ್ಟೆಯ ಬಣ್ಣ ಹೋಗುತ್ತದೆ ಅಂತ ಹೇಳುತ್ತಾನೆಯೇ? ಡಾಕ್ಟರ ಮಾತನ್ನು ನಾನು ಅಲ್ಲೇ ಬಿಟ್ಟು ಬಂದೆ.

ಸಾಬಮ್ಮ ಅಂದು ಜೇವರ್ಗಿಯ ನಮ್ಮ ಮನೆಯಲ್ಲಿಯೇ ಉಳಿದಳು. ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ, ಭೂಸನೂರಿಗೆ ಬೇಡವೆಂದು ಹೇಳುವ ಮೊದಲು ಅವಳಿಗೆ ಖಾತ್ರಿಯಾಗಲಿ ಅಂತ ಫೋನು ಹಿಡಿದು ಕೂತೆ. ಹಿಂದೆ ಅಫಜಲಪುರದಲ್ಲಿ ನೋಡಿದ ಒಬ್ಬ ಹುಡುಗಿಗೆ ತೊನ್ನಿತ್ತು, ಅವಳ ಫೋಟೊ ನನ್ನಲ್ಲಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಾತು ಮುಗಿಯಿತು. ಫೋಟೊಗಳನ್ನು ಹಿಂದಕ್ಕೆ ಸರಿಸುತ್ತ ಹೋದೆ. ನನ್ನ ಮಗ ಕಲ್ಲಿನಾಥನಿಗಾಗಿ ನೋಡಿದ ಹುಡುಗಿಯರೇ ಮೂವತ್ತೊಂದು ಜನ ಇದ್ದರು. ಎಲ್ಲರೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತವರು.

ಒಂದು ಫೋಟೊದ ಮೇಲೆ ನನ್ನ ಬೆರಳು ನಿಂತಿತು. ಜರಾ ದಪ್ಪಗಿದ್ದಳು, ಎರಡು ಜಡೆ ಹಾಕಿದ್ದಳು, ಆದರೆ ಅದೇ ಕಣ್ಣು. ಕೆಳತುಟಿಯ ಕೆಳಗೆ, ಎಡಕ್ಕೆ, ಕಪ್ಪನೆಯ ಮಚ್ಚೆ. ಎರಡು ವರ್ಷದ ಹಿಂದೆ ಆಳಂದದಲ್ಲಿ ಅವಳ ಕಾಕಾನ ಮನೆಯಲ್ಲಿ ತೆಗೆದದ್ದು.

ಎಲ್ಲ ಒಮ್ಮೆಲೇ ನೆನಪಾಯಿತು, ನಿನ್ನೆ ಬಸವಂತರಾಯರು ನನ್ನ ಕಂಡು ಗಕ್ಕನೆ ನಿಂತದ್ದು ಯಾಕೆಂದೂ ತಿಳಿಯಿತು. ಆ ಹುಡುಗಿಯನ್ನು ನಾನು ಕಲ್ಲಿನಾಥನಿಗೆ ಹೆಚ್ಚೂಕಡಿಮೆ ಒಪ್ಪಿಬಿಟ್ಟಿದ್ದೆ. ಮರುದಿನವೇ ಇಲ್ಲಿಯ ಹಣಮಂತ್ರಾಯರು ತಮ್ಮ ಮಗಳು ಭುವನೇಶ್ವರಿಯನ್ನು ಕೊಡುತ್ತೇವೆ, ಬಸ್‌ಸ್ಟ್ಯಾಂಡಿನ ಹತ್ತಿರದ ಪ್ಲಾಟನ್ನೂ ಅಳಿಯನ ಹೆಸರಿಗೆ ಮಾಡುತ್ತೇವೆ ಅಂತ ಹೇಳಿ ಕಳಿಸಿದರು. ಆಳಂದದವರಿಗೆ ಏನು ಹೇಳಿ ತಪ್ಪಿಸಿಕೊಳ್ಳಬೇಕು? ಮಧ್ಯಸ್ಥ ಎದುರಿಗೇ ಕೂತಿದ್ದ. "ತುಟಿ ಕೆಳಗ ಮಚ್ಚಿ ಇದ್ದಾಕಿ ಅತ್ತಿನ್ನ ತಿಂತಾಳ" ಅಂತ ಹೇಳಿಬಿಟ್ಟೆ. ಮಚ್ಚೆಯಿಂದ ಅತ್ತೆಗೆ ಸಾವು ಅಂತ ಯಾವ ಶಾಸ್ತ್ರದಲ್ಲೂ ಇಲ್ಲ, ಅಲ್ಲೇ ಬಾಯಿಗೆ ಬಂದದ್ದು. ಆದರೆ ಅಂಥ ಮಾತಿಗೆ ಯಾರೂ ವಾದ ಮಾಡುವುದಿಲ್ಲ, ಹುಡುಗಿಯ ಕಡೆಯವರೂ ಮಾಡಲಿಲ್ಲ.

ಒಂದು ಬೆರಳು ಒತ್ತಿ ಆ ಫೋಟೊ ಅಳಿಸಬೇಕೆಂದಿದ್ದೆ. ಅಷ್ಟರಲ್ಲಿ ಸಾಬಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಯ್ಯ ಶಿವನೇ, ಇಕಿ ಸೃಷ್ಟಿ ಅಲ್ಲೇನಬೇ? ಖರೇನೇ ಮಚ್ಚಿ ಇತ್ತಲ್ಲ! ತೊನ್ನಲ್ಲ ಅಕ್ಕಾ, ತೊನ್ನಲ್ಲ!" ಎಂದು ಎದೆ ಮುಟ್ಟಿಕೊಂಡು ನಕ್ಕಳು. ನಗುತ್ತ ನಗುತ್ತಲೇ ಅವಳ ಮುಖ ಸಣ್ಣದಾಯಿತು. "ತಡಿ ತಡಿ. ಅತ್ತಿನ್ನ ತಿನ್ನೂ ಮಚ್ಚಿ ಅಂತ ಆಗ ನನ್ನ ಮುಂದ ಹೇಳಿದ್ದಿಯಲ್ಲ, ಆ ಆಳಂದದ ಹುಡುಗಿ ಇಕಿನೇ ಏನು?"

"ಈಗ ತಗಿಸ್ಯಾಳಲ್ಲ ಬೇ. ಹೋತು, ಮುಗೀತು," ಅಂದೆ.

"ಮ್ಯಾಲಿನ ಮಚ್ಚಿ ತಗಿಸಿದ್ರ ಹಣೇಬರಹ ಹೋಗ್ತದೇನು? ನೀ ಆಗ ಪಾರಾದಿ. ಈಗ ಅಕಿಗೆ ಅತ್ತಿ ಆಗಾಕಿ ನಾನು!"

ನಾನೇ ಹೆಣೆದ ಸುಳ್ಳು, ಅದಕ್ಕೆ ನನ್ನ ತಂಗಿಯೇ ಹೆದರಿ ನಡುಗುತ್ತಿದ್ದಾಳೆ. ತೊನ್ನಲ್ಲ ಎಂದು ಹುಡುಗಿಯನ್ನು ಉಳಿಸುವ ಫೋಟೊ ಅದೊಂದೇ. ಅದೇ ಫೋಟೊ ಅವಳನ್ನು ಮುಳುಗಿಸಿತು. ಬಾಯಿ ಬಿಟ್ಟರೆ ನನ್ನ ಮಾನ ಹೋಗುತ್ತದೆ, ಬಿಡದಿದ್ದರೆ ಆ ಹುಡುಗಿಯ ಬಾಳು. ನಾನು ಸುಮ್ಮನೆ ಕೂತೆ.

ಸಾಬಮ್ಮ ಭೂಸನೂರಿಗೆ ಫೋನು ಹಚ್ಚಿದಳು. ಅವಳದು ಯಾವಾಗಲೂ ಸ್ಪೀಕರ್‌ನಲ್ಲೇ ಮಾತು. ತಂದೆಯ ಫೋನನ್ನು ಹುಡುಗಿಯೇ ಎತ್ತಿದಳು. ಸಾಬಮ್ಮ ಅಡ್ಡಾದಿಡ್ಡಿ ಏನೇನೋ ಹೇಳಿ, "ನಮಗ ಕೂಡಿ ಬರಂಗಿಲ್ಲವ್ವಾ, ಬ್ಯಾಸರ ಮಾಡ್ಕೋಬ್ಯಾಡ," ಅಂದಳು. ಇತ್ತ ನನ್ನ ಸೊಸೆ ಭುವನೇಶ್ವರಿ ನಮಗೆ ಚಹಾ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು.

"ಆತ್ರಿ. ನಿಮ್ಮ ಅಕ್ಕಾರು ಅಲ್ಲೇ ಅದಾರೇನ್ರಿ?" ಹುಡುಗಿ ಕೇಳಿದಳು. "ಒಂದು ಮಾತು ಕೇಳಬೇಕಾಗಿತ್ರಿ. ನಿನ್ನೆ ಕೇಳಬೇಕಂದೆ, ಅಪ್ಪನ ಮುಂದ ಬಾಯಿ ಬರಲಿಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈದರೆ ಒಳ್ಳೆಯದಿತ್ತು.

"ಮಚ್ಚಿ ಸುಟ್ಟು ತಗದ ಮ್ಯಾಲೂ ಆ ದೋಷ ಇರ್ತದೇನ್ರಿ? ಚೆಂದ ಕಾಣಲಿ ಅಂತ ನಾ ತಗಿಸಿದ್ದಲ್ರಿ. ನೀವು ಹಂಗ ಹೇಳೀರಿ ಅಂತ ಗೊತ್ತಾದಾಗಿಂದ ನನಗ ಅಂಜಿಕಿ. ದೋಷ ಇನ್ನೂ ಇದ್ರ ಹೇಳಿಬಿಡ್ರಿ, ಲಗ್ನನೇ ಬ್ಯಾಡ ಅಂತೇನಿ ಅಪ್ಪಗ. ಒಬ್ಬರ ಜೀವ ತಗೊಂಡು ನಾ ಹ್ಯಾಂಗ ಬಾಳ್ವಿ ಮಾಡ್ಲಿ?"

ನನ್ನ ಜನ್ಮವೇ ಅನುಮಾನದ್ದು. ಅವಳ ದನಿಯಲ್ಲಿ ಕೊಂಕು ಇದೆಯೇ, ಚುಚ್ಚುವುದು ಇದೆಯೇ ಅಂತ ಕಿವಿಗೊಟ್ಟು ಹುಡುಕಿದೆ. ಎರಡೂ ಇರಲಿಲ್ಲ. ಅವಳು ಖರೇನೇ ಕೇಳುತ್ತಿದ್ದಳು. ಎರಡು ವರ್ಷ ಆ ಹುಡುಗಿ ತಾನೊಂದು ಕೊಲೆಗಡುಕಿ ಅಂತ ನಂಬಿಕೊಂಡು ಶಾಲೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿ ಬಂದಿದ್ದಾಳೆ.

"ಇಲ್ಲವ್ವಾ," ಅಂದೆ. "ದೋಷ ಎಂದೂ ಇರಲೇ ಇಲ್ಲ. ನಾ ಸುಳ್ಳ ಹೇಳಿದ್ದೆ. ಬ್ಯಾರೆ ಕಡೆ ಪ್ಲಾಟ್ ಬರ್ತಿತ್ತು, ಅದಕ್ಕ ನಿನ್ನ ಬಿಡಾಕ ಒಂದು ನೆವ ಬೇಕಾಗಿತ್ತು. ತಪ್ಪು ನಂದು."

ಬಾಗಿಲ ಕಡೆ ನೋಡುವ ಧೈರ್ಯ ನನಗಿರಲಿಲ್ಲ. ಫೋನಿನಲ್ಲಿ ಅಳು ಕೇಳಿತು. ನಿನ್ನೆ ಅಂಗಳದಲ್ಲಿ ಅಷ್ಟು ಜನರ ಮುಂದೆ ಅಳದ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು.

ಸಾಬಮ್ಮ ನನ್ನನ್ನು ನೋಡಿದ ನೋಟ ಶತ್ರುವಿಗೂ ಬೇಡ. ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದು, "ಅಳಬ್ಯಾಡ ನನ್ನವ್ವಾ. ನಾ ಇನ್ನ ಇಪ್ಪತ್ತು ವರ್ಷ ಸಾಯಂಗಿಲ್ಲ. ನೀ ಬೇಕಂದ್ರೂ ಸಾಯಂಗಿಲ್ಲ. ನಮ್ಮ ಮನಿಗೆ ಬರ್ತಿ ಹೌದಿಲ್ಲೋ, ಅಷ್ಟ ಹೇಳು," ಅಂದಳು.

"ಅಪ್ಪಗ ಹೇಳ್ತೇನ್ರಿ," ಅಂದಳು ಹುಡುಗಿ. ಮೂಗು ಏರಿಸಿಕೊಂಡು, "ಗೌರಾಬಾಯಾರ, ಫೋನ್ ಇಡಬ್ಯಾಡ್ರಿ. ನನ್ನ ತಂಗಿಗೂ ಅದೇ ಜಾಗದಾಗ ಮಚ್ಚಿ ಅದ್ರಿ. ಪಿಯುಸಿ ಓದಾಕತ್ತಾಳ. ಸೋಮವಾರ ತಗಸಬೇಕಂತ ಕಲಬುರಗಿಗೆ ಹೊಂಟೇವಿ. ನಾ ಹೇಳಿದ್ರ ನಂಬಂಗಿಲ್ಲ ಅಕಿ. ನೀವೇ ಹೇಳ್ರಿ," ಅಂದಳು.

ಫೋನು ಕೈ ಬದಲಾದ ಸದ್ದು ಕೇಳಿತು. "ಹಲೋ, ಯಾರ್ರಿ?" ಎಂದಿತು ಒಂದು ಎಳೆಯ ದನಿ.

ಸಾಬಮ್ಮನ ಕಡೆ ನೋಡಿದೆ, ಅವಳು ಮುಖ ತಿರುಗಿಸಿದಳು. ಭುವನೇಶ್ವರಿ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ನನ್ನೆದುರಿಗೇ ಬಂದು ಕೂತಳು.

"ಹೇಳ್ರಿ ಅತ್ತಿ," ಅಂದಳು. "ಪ್ಲಾಟಿಂದೂ ಹೇಳ್ರಿ. ನಾನೂ ಪೂರಾ ಕೇಳ್ತೇನಿ."

ನಾನು ಮೊದಲಿನಿಂದ ಹೇಳಲು ಶುರು ಮಾಡಿದೆ.