ಕಿವಿಗೆ ಬೀಳದ ಬೇರಿಂಗು

ಬ್ಯಾಟರಿಯ ದೀಪ ಸಣ್ಣಗೆ ಉರಿಯುತ್ತಿದೆ, ಪೂರ್ತಿ ಕೆಂಪಲ್ಲ, ಪೂರ್ತಿ ಆರಿಲ್ಲ, ಇಂಜಿನ್ ಓಡುವಾಗ ಇದು ಉರಿಯಬಾರದು, ಹಳೆಯ ಸಣ್ಣ ಕಾರು, ತೀರ್ಥಹಳ್ಳಿಯಲ್ಲಿ ಗಂಡನ ಡಯಾಲಿಸಿಸ್ ಮುಗಿಸಿಕೊಂಡು ಹುಂಚಕ್ಕೆ ಹೊರಟ ಶ್ರೀಗೌರಿಯಮ್ಮ ನನ್ನ ಅಂಗಡಿಯ ಮುಂದೆ ನಿಲ್ಲಿಸಿದ್ದಾರೆ, ಹಿಂದಿನ ಸೀಟಿನಲ್ಲಿ ಶ್ಯಾಮ ಭಟ್ಟರು, ತೋಳಿಗೆ ಬ್ಯಾಂಡೇಜು, ಕಣ್ಣು ಮುಚ್ಚಿದ್ದಾರೆ — ದುರ್ಗೇಶಣ್ಣ, ಬ್ಯಾಟರಿ ಹೋಗಿದೆ ಅಂದ್ರು ಅಂತ ಹೊಸದೇ ಹಾಕ್ಸಿದೆ, ಮತ್ತೆ ಇದೇ ಕಥೆ, ಈಗ ಒಂದು ಕೀಚಲು ಸದ್ದು ಬೇರೆ, ಕೇಳ್ತಾ ಇದೆಯಲ್ಲ ನಿಮಗೆ? ಹೌದು ಹೌದು ಅಂದುಬಿಟ್ಟೆ.

ಕೇಳುತ್ತಿಲ್ಲ. ಇಂಜಿನ್ನಿನ ಗುಡುಗುಡು ಕೇಳುತ್ತದೆ, ಆಗುಂಬೆ ಬಸ್ಸು ಹೋದದ್ದು ಕೇಳುತ್ತದೆ, ಸಣ್ಣ ಸದ್ದುಗಳಷ್ಟೇ ಒಂದೊಂದಾಗಿ ಎದ್ದು ಹೋಗಿವೆ, ಕುಕ್ಕರಿನ ಸೀಟಿ, ಜೀರುಂಡೆ, ಈ ವರ್ಷ ಜೀರುಂಡೆಯೇ ಇಲ್ಲವಲ್ಲ ಅಂದಾಗ ಹೆಂಡತಿ ಕನ್ನಮ್ಮ ನನ್ನ ಮುಖ ನೋಡಿದಳು, ಎಂತ ಹೇಳ್ತೀರಿ, ಕಿವಿ ಹರಿಯೋ ಹಂಗೆ ಕೂಗ್ತಾ ಇದಾವೆ, ತಮಾಷೆಗೆ ಅಂದೆ ಮಾರಾಯ್ತಿ ಅಂದೆ, ನಕ್ಕೆ, ಅವಳು ನಗಲಿಲ್ಲ — ಮೀಟರಿನ ಕಡ್ಡಿಗಳನ್ನು ಬ್ಯಾಟರಿಗೆ ಇಡುತ್ತೇನೆ, ಹನ್ನೆರಡು ಪಾಯಿಂಟ್ ಎರಡು ವೋಲ್ಟು, ಆಕ್ಸಿಲರೇಟರ್ ಒತ್ತಿ ಅಮ್ಮ, ಒತ್ತಿದರೂ ಅಷ್ಟೇ, ಹದಿನಾಲ್ಕರ ಹತ್ತಿರ ಬರಬೇಕಿತ್ತು, ಬ್ಯಾಟರಿ ತುಂಬುತ್ತಿಲ್ಲ, ಬರೀ ಖಾಲಿಯಾಗುತ್ತಿದೆ, ಬೆಲ್ಟು ಬಿಗಿಯಿದೆ, ವೈರು ಸರಿಯಿದೆ, ಹಾಗಾದರೆ ರೋಗ ಬ್ಯಾಟರಿಗೆ ಕರೆಂಟು ತುಂಬುವ ಆಲ್ಟರ್ನೇಟರಿನ ಒಳಗೇ, ಬ್ರಶ್ ಸವೆದಿದ್ದರೆ ಬೇಗ ಮುಗಿಯುವ ಕೆಲಸ, ಆದರೆ ಅಮ್ಮ ಹೇಳುವ ಕೀಚಲು ಸದ್ದು ಬೇರಿಂಗಿನದಾಗಿದ್ದರೆ, ಅದು ಕಚ್ಚಿಕೊಂಡರೆ ಬೆಲ್ಟು ಹರಿದು ಕಾರು ಕಾಡಿನ ನಡುವೆ ನಿಲ್ಲುತ್ತದೆ, ನಾಡಿದ್ದು ಮತ್ತೆ ಕರ್ಕೊಂಡು ಬರ್ಬೇಕು ದುರ್ಗೇಶಣ್ಣ, ಬಸ್ಸಲ್ಲಿ ಇವರಿಂದ ಆಗೋದಿಲ್ಲ, ದಾರೀಲಿ ನಿಂತ್ರೆ ನಾನು ಎಂತ ಮಾಡ್ಲಿ.

ಮೊದಲಾದರೆ ಕಾರು ತಿರುವಿನಲ್ಲಿ ಬರುವಾಗಲೇ ಸದ್ದು ಕೇಳಿ ಹೇಳುತ್ತಿದ್ದೆ. ಸಾಗರದಲ್ಲಿ ಕೆಲಸ ಕಲಿಸಿದ ಹುಲಿಯಪ್ಪ ಮಾಡುತ್ತಿದ್ದಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಮೇಲಿಟ್ಟು ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತುತ್ತೇನೆ, ಏನೋ ಅದುರುತ್ತಿದೆ, ಬೇರಿಂಗೋ, ಇಂಜಿನ್ನೋ ತಿಳಿಯುತ್ತಿಲ್ಲ, ಭಟ್ಟರ ತೋಳಿನ ಬ್ಯಾಂಡೇಜು ಕಾಣುತ್ತಿದೆ, ಬಾಯಿ ತಾನಾಗಿ ತೆರೆಯಿತು, ಅಮ್ಮಾ, ಆಗ ಸುಳ್ಳು ಹೇಳಿದೆ, ನಂಗೆ ಸಣ್ಣ ಸದ್ದು ಕೇಳೋದಿಲ್ಲ, ನೀವೇ ಕೇಳಿ ಹೇಳ್ಬೇಕು. ಮನೆಯವಳಿಗೂ ಹೇಳದ ಮಾತು. ಅದಕ್ಕೆಂತ, ಕೇಳ್ತೀನಿ ಅಂದರು, ಅಷ್ಟೇ. ಇಂಜಿನ್ ನಿಲ್ಲಿಸಿ ಬೆಲ್ಟು ಬಿಚ್ಚಿ ಒಂದು ಕ್ಷಣ ಮತ್ತೆ ಓಡಿಸಿದೆ, ಈಗ? ಇಲ್ಲ, ನಿಂತ್ಹೋಯ್ತು, ಆಫ್ ಮಾಡಿ ಆಲ್ಟರ್ನೇಟರಿನ ಪುಲ್ಲಿಯನ್ನು ಕೈಯಿಂದ ತಿರುಗಿಸಿದೆ, ಒಳಗೆ ಮರಳಿದ್ದ ಹಾಗೆ ಬೆರಳಿಗೆ ತಾಗಿತು, ಬೇರಿಂಗೇ. ಬಿಚ್ಚಿದರೆ ಬ್ರಶ್ಶೂ ಓರೆಯಾಗಿ ಸವೆದಿತ್ತು, ಎರಡನ್ನೂ ಬದಲಿಸಿದೆ, ಹದಿನಾಲ್ಕು ಪಾಯಿಂಟ್ ಒಂದು, ದೀಪ ಆರಿತು, ಸದ್ದು ಇಲ್ಲ ಅಂದರು ಶ್ರೀಗೌರಿಯಮ್ಮ, ನಂಬಿದೆ. ಭಟ್ಟರು ಕಣ್ಣು ತೆರೆದು ಏನೋ ಅಂದರು, ನನಗೆ ಕೇಳಲಿಲ್ಲ, ಶ್ರೀಗೌರಿಯಮ್ಮ ನನ್ನತ್ತ ಬಾಗಿ ಬಿಡಿಬಿಡಿಯಾಗಿ, ಗಟ್ಟಿಯಾಗಿ, ಇವರು ಕೇಳ್ತಾ ಇದಾರೆ, ಡಾಕ್ಟರಿಗೆ ತೋರಿಸಿದ್ರಾ ಅಂತ, ತಡ ಮಾಡ್ಬೇಡಿ ಅಂತ — ಇನ್ನು ಎಲ್ಲರೂ ಹೀಗೆಯೇ ಮಾತಾಡುತ್ತಾರೆ ನನ್ನ ಹತ್ತಿರ.

ಕಾರು ಹೋಯಿತು. ಕೈ ಒರೆಸುತ್ತ ತಿರುಗಿದರೆ ಹಿಂದಿನ ಬಾಗಿಲಲ್ಲಿ ಕನ್ನಮ್ಮ, ಎಷ್ಟು ಹೊತ್ತಿನಿಂದ ನಿಂತಿದ್ದಾಳೋ, ಎಲ್ಲ ಕೇಳಿಸಿಕೊಂಡಳೋ, ಅವಳ ತುಟಿ ಅಗಲವಾಯಿತು, ಹಲ್ಲು ಕಂಡಿತು, ಮುಚ್ಚಿತು, ಮೆಲ್ಲಗೆ ರೀ ಅಂದಿರಬೇಕು, ನನಗೆ ಕೇಳಲಿಲ್ಲ, ನನ್ನನ್ನು ಇನ್ನೇನಂತ ಕರೆಯುತ್ತಾಳೆ, ಮತ್ತೆ ಅಗಲವಾಯಿತು, ಮುಚ್ಚಿತು, ಹೇಳಬೇಕು, ಈಗಲೇ ಹೇಳಬೇಕು, ಕನ್ನಮ್ಮಾ — ಆ ತುಟಿ, ಅಗಲವಾಗಿ, ಸದ್ದಿಲ್ಲದೆ, ಮತ್ತೆ ಆ ತುಟಿ