ಮೊದಲು ನೀವು

ದೋಣಿಗೆ ಹತ್ತುವ ಹಲಗೆಯ ಮುಂದೆ ಸಾಲು ನಿಂತುಹೋಗಿತ್ತು. ಅದಕ್ಕೆ ಕಾರಣ ಇಬ್ಬರು ಹೆಂಗಸರು. ಲಾಂಡ್ರಿ ಅಮ್ಮ ಪಕ್ಕಕ್ಕೆ ಸರಿದು "ಮೊದಲು ನೀವು ಹತ್ತಿ" ಎಂದರೆ, ನರ್ಸಮ್ಮ ಇನ್ನೂ ಒಂದು ಹೆಜ್ಜೆ ಹಿಂದೆ ಸರಿದು "ಛೆ ಛೆ, ಮೊದಲು ನೀವು" ಎನ್ನುತ್ತಿದ್ದರು. ಇಬ್ಬರೂ ಹೀಗೇ ಹಿಂದೆ ಹಿಂದೆ ಹೋಗಿದ್ದರೆ ಸಂಜೆಯ ಹೊತ್ತಿಗೆ ಅವರವರ ಮನೆ ಸೇರುತ್ತಿದ್ದರೋ ಏನೋ. ಕೊನೆಗೆ ಗೈಡ್ ಕೆಳಗಿಳಿದು ಬಂದು, ಮಕ್ಕಳನ್ನು ರಸ್ತೆ ದಾಟಿಸುವವನ ಹಾಗೆ ಇಬ್ಬರ ಕೈಯನ್ನೂ ಹಿಡಿದು ಒಟ್ಟಿಗೇ ಹತ್ತಿಸಿದ. ಹಲಗೆ ಅಷ್ಟು ಅಗಲವಿರಲಿಲ್ಲ. ನರ್ಸಮ್ಮನ ಒಂದು ಚಪ್ಪಲಿ ನೀರಿಗೆ ಬಿತ್ತು. ದೋಣಿಯವನು ಅದನ್ನು ಕೊಕ್ಕೆ ಹಾಕಿ ಎತ್ತಿಕೊಡುವವರೆಗೆ ಲಾಂಡ್ರಿ ಅಮ್ಮ ತಾನೂ ಒಂದು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದರು. ಬೀಗರು ಬರಿಗಾಲಲ್ಲಿ ನಿಂತಿರುವಾಗ ತಾನು ಹೇಗೆ ಚಪ್ಪಲಿ ಮೆಟ್ಟಿರುವುದು?

ಹೌದು, ಇವರಿಬ್ಬರೂ ಬೀಗರು. ಸರಿಯಾಗಿ ಹೇಳಬೇಕೆಂದರೆ ಬೀಗರಾಗಿದ್ದವರು. ಲಾಂಡ್ರಿ ಅಮ್ಮನ ಮಗನೂ ನರ್ಸಮ್ಮನ ಮಗಳೂ ಮದುವೆಯಾಗಿ, ಒಂದು ಹೆಣ್ಣುಮಗುವಾಗಿ, ಆಮೇಲೆ ಒಬ್ಬರ ನೆರಳು ಒಬ್ಬರಿಗೆ ಆಗದಂತಾಗಿ ಬೇರೆಯಾಗಿದ್ದರು. ಮಾತು, ಕಣ್ಣೀರು, ಕೋರ್ಟು ಎಲ್ಲಾ ಮುಗಿದು ವರ್ಷವಾಗುತ್ತ ಬಂದಿತ್ತು. ಮಗ ಹಡಗಿನ ಕೆಲಸ ಹಿಡಿದು ಹೋದವನು ಇನ್ನೂ ತಿರುಗಿ ಬಂದಿರಲಿಲ್ಲ. ಮಗು ತಾಯಿಯ ಜೊತೆ, ಅಂದರೆ ನರ್ಸಮ್ಮನ ಮನೆಯಲ್ಲಿತ್ತು.

ಈ ದೋಣಿಯ ಪ್ರವಾಸವೂ ಆ ಮದುವೆ ನೆಟ್ಟಗಿದ್ದ ಕಾಲದ್ದೇ. ಇಬ್ಬರು ತಾಯಂದಿರಿಗೂ ಒಂದೇ ವರ್ಷ ಅರವತ್ತು ತುಂಬಿತೆಂದು ಮಕ್ಕಳಿಬ್ಬರೂ ಸೇರಿ ಕೊಡಿಸಿದ್ದ ಉಡುಗೊರೆ. ಎರಡು ದಿನ, ಒಂದಷ್ಟು ದ್ವೀಪ, ನಡುವೆ ಒಂದು ರಾತ್ರಿ ವಸತಿ. ಸಮುದ್ರ ಸರಿಯಿಲ್ಲವೆಂದು ಒಮ್ಮೆ, ದೋಣಿ ರಿಪೇರಿಯೆಂದು ಇನ್ನೊಮ್ಮೆ ಮುಂದಕ್ಕೆ ಹೋಗಿ ಹೋಗಿ, ಅಷ್ಟರಲ್ಲಿ ಉಡುಗೊರೆ ಕೊಟ್ಟವರ ಸಂಸಾರ ಮುಳುಗಿತ್ತು, ಉಡುಗೊರೆ ಮಾತ್ರ ತೇಲುತ್ತಿತ್ತು. ದೋಣಿಯ ಆಫೀಸಿನವರು ಫೋನ್ ಮಾಡಿ ಬರುತ್ತೀರಾ ಎಂದು ಕೇಳಿದಾಗ, ತಾನಾಗಿಯೇ ಬೇಡವೆಂದರೆ ಬೀಗರನ್ನು ಅವಮಾನ ಮಾಡಿದ ಹಾಗಾಗುತ್ತದೆ, ಬೇಕಾದರೆ ಅವರೇ ಬೇಡವೆನ್ನಲಿ ಎಂದುಕೊಂಡು ಲಾಂಡ್ರಿ ಅಮ್ಮ ಬರುತ್ತೇನೆಂದರು. ನರ್ಸಮ್ಮನೂ ಅದೇ ಲೆಕ್ಕ ಹಾಕಿ ಬರುತ್ತೇನೆಂದಿದ್ದರು. ಬೇಡವೆನ್ನುವವರು ಯಾರೂ ಇಲ್ಲದೆ ಇಬ್ಬರೂ ದಡದಲ್ಲಿ ಎದುರುಬದುರಾದರು.

ಆದರೆ ಲಾಂಡ್ರಿ ಅಮ್ಮ ಬರೀ ಮರ್ಯಾದೆಗೆ ಬಂದವರಲ್ಲ. ಅವರಿಗೆ ಒಂದು ಮಾತು ಕೇಳಬೇಕಿತ್ತು. ಮೊಮ್ಮಗಳನ್ನು ನೋಡಲು ಬರಬಹುದೇ? ಅಷ್ಟೇ. ಈ ಒಂದು ಮಾತನ್ನು ಅವರು ವಾರಗಟ್ಟಲೆ ಅಂಗಡಿಯಲ್ಲಿ ಇಸ್ತ್ರಿ ತಳ್ಳುತ್ತಾ ಅಭ್ಯಾಸ ಮಾಡಿದ್ದರು. ಹಾಗೆ ಕೇಳಿದರೆ ಹೀಗೆ ಹೇಳಿಯಾರು, ಹೀಗೆ ಹೇಳಿದರೆ ಹಾಗೆ ಕೇಳಬೇಕು ಎಂದು ಲೆಕ್ಕ ಹಾಕುತ್ತಾ ಗಿರಾಕಿಯೊಬ್ಬರ ಬಿಳಿ ಅಂಗಿಯ ಕಾಲರ್ ಸುಟ್ಟೂ ಇದ್ದರು. ಮೂವತ್ತು ವರ್ಷದ ಕಸುಬಿನಲ್ಲಿ ಬಟ್ಟೆ ಸುಟ್ಟವರಲ್ಲ ಅವರು.

ಮೊದಲೆಲ್ಲಾ ಮೊಮ್ಮಗಳು ಪುಟ್ಟಿ ಶಿಶುವಿಹಾರ ಬಿಟ್ಟೊಡನೆ ನೇರ ಲಾಂಡ್ರಿಗೇ ಬರುತ್ತಿದ್ದಳು. ಇಸ್ತ್ರಿ ಮೇಜಿನ ಕೆಳಗೆ ಹಾಸಿಗೆ ಬಟ್ಟೆಯ ಗಂಟುಗಳ ನಡುವೆ ಅವಳದೊಂದು ಗೂಡು. ಒಣಗಿ ಗರಿಗರಿಯಾದ ಬಟ್ಟೆಗೆ ನೀರು ಚಿಮುಕಿಸುವುದು ಅವಳ ಕೆಲಸ. ಬಟ್ಟೆಗೆ ಬೀಳುತ್ತಿದ್ದುದು ಸ್ವಲ್ಪ, ಅಜ್ಜಿಯ ಮುಖಕ್ಕೆ ಬೀಳುತ್ತಿದ್ದುದೇ ಹೆಚ್ಚು. ಈಗ ಆ ಕೆಲಸಕ್ಕೆ ಲಾಂಡ್ರಿ ಅಮ್ಮ ಒತ್ತಿದರೆ ಚಿಮ್ಮುವ ಬಾಟಲಿ ತಂದಿಟ್ಟುಕೊಂಡಿದ್ದರು. ಒಳ್ಳೆಯ ಬಾಟಲಿ, ನೀರು ಒಂದೇ ಸಮನೆ ಬೀಳುತ್ತದೆ. ಅದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಮೊದಲ ದ್ವೀಪದಲ್ಲಿ ಹಕ್ಕಿಗಳಿದ್ದವು. ಹಕ್ಕಿಗಳಿಗಿಂತ ಜೋರಾಗಿ ಕೂಗುತ್ತಿದ್ದವನು ಗೈಡ್. ಕೊರಳಿಗೆ ಪೀಪಿ, ಬಾಯಲ್ಲಿ ಹಳಸಿದ ಹಾಸ್ಯ. ಈ ಪ್ರವಾಸಕ್ಕೆ ಬರುವವರು ಬಹುಪಾಲು ಗಂಡ ಹೆಂಡತಿಯರಾದ್ದರಿಂದ ತಲೆ ಎಣಿಸುವ ಗೋಜಿಗೆ ಅವನು ಹೋಗುತ್ತಿರಲಿಲ್ಲ. ದೋಣಿ ಬಿಡುವ ಮುಂಚೆ ಎಲ್ಲರೂ ಪಕ್ಕಕ್ಕೆ ನೋಡಿಕೊಳ್ಳಬೇಕು, ತಮ್ಮ ಜೋಡಿ ಇಲ್ಲದವರು ಕೂಗಬೇಕು, ಯಾರೂ ಕೂಗದಿದ್ದರೆ ಹೊರಡುವುದು. ಇಷ್ಟು ವರ್ಷದಲ್ಲಿ ಯಾರೂ ತಪ್ಪಿಸಿಕೊಂಡಿಲ್ಲ ಎಂದು ಅವನು ಎದೆಯುಬ್ಬಿಸಿ ಹೇಳಿದ.

ಬೀಗರಿಬ್ಬರೂ ಪಕ್ಕಪಕ್ಕ ಕುಳಿತು ಸಮುದ್ರ ನೋಡಿದರು. ಹಿಂದೆ ಒಬ್ಬರನ್ನೊಬ್ಬರು ಬಾಯ್ತುಂಬ "ಬೀಗರೇ" ಎಂದು ಕರೆದುಕೊಂಡು ನಗುತ್ತಿದ್ದವರು ಈಗ "ನೋಡಿ", "ಏನ್ರೀ", "ಇಲ್ಲಿ ಸ್ವಲ್ಪ" ಎಂದು ದಾಟಿಸಿಬಿಡುತ್ತಿದ್ದರು. ಕೋರ್ಟಿನವರು ಗಂಡ ಹೆಂಡತಿಯ ಗಂಟು ಬಿಚ್ಚಿಕೊಟ್ಟರು. ಈ ಇನ್ನೊಂದು ಗಂಟಿನ ವಿಷಯ ಯಾರೂ ಎತ್ತಿರಲಿಲ್ಲ. ನರ್ಸಮ್ಮನ ಜೊತೆ ಮಾರುಕಟ್ಟೆ ಸುತ್ತಿದ್ದು, ಜ್ವರ ಬಂದಾಗ ಅವರು ಬಂದು ತಲೆಯ ಹತ್ತಿರ ಕುಳಿತಿದ್ದು, ಇಬ್ಬರೂ ಸೇರಿ ಮಕ್ಕಳನ್ನು ಹೊಟ್ಟೆ ಹುಣ್ಣಾಗುವಂತೆ ಆಡಿಕೊಂಡು ನಕ್ಕಿದ್ದು ಎಲ್ಲಾ ಲಾಂಡ್ರಿ ಅಮ್ಮನಿಗೆ ನೆನಪಾಗುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದು ಬಂದು ಹಿಂದಕ್ಕೆ ಹೋಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕುಳಿತರೆ ಅಲ್ಲೂ ಅದೇ ಕಥೆ. ನರ್ಸಮ್ಮ ತುತ್ತು ಎತ್ತಲಿ ಎಂದು ಇವರು, ಇವರು ಎತ್ತಲಿ ಎಂದು ಅವರು. ಬಿಸಿ ಅನ್ನ ತಣ್ಣಗಾಯಿತು. ರಾತ್ರಿಯ ವಸತಿಗೃಹದಲ್ಲಿ ಇದು ಮಿತಿಮೀರಿತು. ಕೋಣೆ ಚೊಕ್ಕಟವಾಗಿತ್ತು, ಆದರೆ ಮಂಚ ಒಂದೇ. ನೀವು ಮಲಗಿ, ನನಗೆ ನೆಲವೇ ಹಿತ ಎಂದು ಲಾಂಡ್ರಿ ಅಮ್ಮ ಕೆಳಗೆ ಹಾಸಿಕೊಂಡರು. ನಿಮ್ಮನ್ನು ಕೆಳಗೆ ಮಲಗಿಸಿ ನಾನು ಮೇಲೆ ಮಲಗುವುದೇ ಎಂದು ನರ್ಸಮ್ಮ ಆ ಬದಿಯಲ್ಲಿ ಹಾಸಿಕೊಂಡರು. ಮೆತ್ತನೆಯ ಹಾಸಿಗೆ, ಎರಡು ದಿಂಬು, ಇಸ್ತ್ರಿ ಮಾಡಿದ ಹೊದಿಕೆ ಎಲ್ಲಾ ಮೇಲೆ ಹಾಯಾಗಿ ಮಲಗಿದವು. ಮಂಚದ ಕೆಳಗಿನಿಂದ ಲಾಂಡ್ರಿ ಅಮ್ಮ ನಿದ್ದೆ ಬಂತೇ ಎಂದು ಕೇಳಿದರು. ಇಲ್ಲ, ನಿಮಗೆ ಎಂದು ಆ ಕಡೆಯಿಂದ ಬಂತು. ಇವರಿಗೂ ಬಂದಿರಲಿಲ್ಲ. ಮಾತು ಅಲ್ಲಿಗೇ ಮುಗಿಯಿತು. ನಾಳೆಗೆ ಪ್ರವಾಸ ಮುಗಿಯುತ್ತದೆ, ಕೇಳದೆ ಹೋದರೆ ಇನ್ನು ಕೇಳುವ ದಾರಿಯೇ ಇಲ್ಲ ಎಂದುಕೊಳ್ಳುತ್ತಾ ಅವರು ಮಗ್ಗುಲು ಬದಲಿಸಿದರು.

ಮರುದಿನ ಕೊನೆಯದಕ್ಕಿಂತ ಮುಂಚಿನ ದ್ವೀಪ. ದ್ವೀಪವೆಂದರೆ ಒಂದಿಷ್ಟು ಮರಳು, ಒಂದು ದೊಡ್ಡ ಬಂಡೆ, ಅದರ ಹಿಂದೆ ಕುಳ್ಳ ಮರಗಳ ಗುಂಪು. ನರ್ಸಮ್ಮ ಕಾಲು ತೊಳೆದುಕೊಂಡು ಬರುತ್ತೇನೆಂದು ಬಂಡೆಯ ಆಚೆ ಹೋದರು. ಲಾಂಡ್ರಿ ಅಮ್ಮ ಈಚೆ ನೆರಳಲ್ಲಿ ಕಾದರು. ಗೈಡ್ ಪೀಪಿ ಊದಿದ. ಬೀಗರು ಬರದೆ ತಾನೊಬ್ಬಳೇ ಹೋಗಿ ದೋಣಿಯಲ್ಲಿ ಕೂರುವುದು ಯಾವ ಮರ್ಯಾದೆ? ಅವರು ಅಲ್ಲಾಡಲಿಲ್ಲ. ಇನ್ನೊಮ್ಮೆ ಪೀಪಿ ಕೇಳಿತು. ಆಮೇಲೆ ಎಂಜಿನ್ನಿನ ಸದ್ದು. ಆಮೇಲೆ ಆ ಸದ್ದೂ ಸಣ್ಣದಾಯಿತು. ಅವರು ಬಂಡೆ ಸುತ್ತಿ ಓಡಿದರೆ ಆ ಕಡೆಯಿಂದ ನರ್ಸಮ್ಮನೂ ಓಡಿ ಬರುತ್ತಿದ್ದರು. ಅವರು ಇನ್ನೊಂದು ದಾರಿಯಿಂದ ಬಂದು, ಬೀಗರು ಬರಲಿ ಎಂದು ಮರಗಳ ಹಿಂದೆ ಕುಳಿತು ಕಾಯುತ್ತಿದ್ದರಂತೆ. ದೋಣಿಯಲ್ಲಿ ಎಲ್ಲರೂ ಪಕ್ಕಕ್ಕೆ ನೋಡಿಕೊಂಡಿರಬೇಕು. ಎಲ್ಲರ ಜೋಡಿಯೂ ಇತ್ತು. ಇಲ್ಲವೆಂದು ಕೂಗಬೇಕಾದವರಿಬ್ಬರೂ ಇಲ್ಲಿ, ಮರಳಿನ ಮೇಲೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ನರ್ಸಮ್ಮ ಮೊದಲು ನಕ್ಕರು. ತಡೆಯಲಾರದೆ, ಸೊಂಟ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಲಾಂಡ್ರಿ ಅಮ್ಮನೂ ನಕ್ಕರು. ನಗುತ್ತಾ ನಗುತ್ತಾ ಮರಳಿನ ಮೇಲೆ ಕುಸಿದು ಕುಳಿತರು. ಯಾರೂ ಮೊದಲು ನೀವು ಕೂತ್ಕೊಳ್ಳಿ ಎನ್ನಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಮುಂದಿನ ದ್ವೀಪದಲ್ಲಾದರೂ ಆ ಪೀಪಿಯವನಿಗೆ ಬುದ್ಧಿ ಬರುತ್ತದೆ, ಹುಡುಕಿಕೊಂಡು ಬರುತ್ತಾನೆ ಎಂದು ನರ್ಸಮ್ಮ ಧೈರ್ಯ ಹೇಳಿದರು.

ನಗು ನಿಂತ ಮೇಲೆ ಅಲೆಯ ಸದ್ದು ಮಾತ್ರ ಉಳಿಯಿತು. ಅಭ್ಯಾಸ ಮಾಡಿದ ಮಾತುಗಳಲ್ಲಿ ಒಂದೂ ಲಾಂಡ್ರಿ ಅಮ್ಮನ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದೇ ಬೇರೆ.

"ನಂಗೆ ಪುಟ್ಟೀನ ನೋಡ್ಬೇಕು" ಎಂದರು. ಅಂದು, ತಮ್ಮ ಧ್ವನಿ ತಮಗೇ ಒರಟಾಗಿ ಕೇಳಿ, ತಲೆ ತಗ್ಗಿಸಿದರು.

ನರ್ಸಮ್ಮನಿಂದ ಕನಿಕರದ ಮಾತು ಬರುತ್ತದೆ ಎಂದು ಲಾಂಡ್ರಿ ಅಮ್ಮ ಕಾದರೆ, ಬಂದದ್ದು ಸಿಟ್ಟು.

"ಯಾರು ಬೇಡ ಅಂದ್ರು? ಬಾಗಿಲು ಹಾಕಿತ್ತಾ ನಮ್ಮನೇಲಿ?"

ಯಾರೂ ಕರೆಯಲಿಲ್ಲವಲ್ಲ ಎಂದು ಲಾಂಡ್ರಿ ಅಮ್ಮ ತಡವರಿಸಿದರು. ಮಗನ ಕಡೆಯವಳು ತಾನು, ಕರೆಯದೆ ಹೇಗೆ ಬಂದು ಬಾಗಿಲು ತಟ್ಟುವುದು, ಸೊಸೆ ಏನೆಂದುಕೊಂಡಾಳು, ನೀವಾದರೂ ಒಂದು ಮಾತು ಬನ್ನಿ ಎಂದಿದ್ದರೆ ಓಡಿ ಬರುತ್ತಿದ್ದೆ ಎಂದರು.

ತಾನು ಕರೆಯುವುದು ಹೇಗೆ ಎಂದು ನರ್ಸಮ್ಮ ತಿರುಗಿ ಕೇಳಿದರು. ಮಗಳ ಕಡೆಯವರು ಕರೆದರೆ ರಾಜಿಗೆ ಹೇಳಿಕಳಿಸಿದ ಹಾಗಾಗುವುದಿಲ್ಲವೇ? ಬರಬೇಕೆಂದಿದ್ದರೆ ಅವರಾಗಿಯೇ ಬರುತ್ತಾರೆ, ಬರುವುದಿಲ್ಲ ಅಂದರೆ ಮನಸ್ಸಿಲ್ಲ ಎಂದೇ ತಾನು ತಿಳಿದದ್ದು. ಆಮೇಲೆ ಮರಳಿನಲ್ಲಿ ಬೆರಳಾಡಿಸುತ್ತಾ, ಸಿಟ್ಟು ಇಳಿದ ಧ್ವನಿಯಲ್ಲಿ ಹೇಳಿದರು.

"ಅವಳ ಹುಟ್ಟುಹಬ್ಬದ ದಿನ ಲಾಂಡ್ರಿ ಅಜ್ಜಿ ಬರ್ತಾರಾ ಅಂತ ಕೇಳಿದ್ಲು. ಬರ್ತಾರೆ ಅಂದೆ. ಕತ್ತಲಾಗೋವರೆಗೂ ಕೇಕ್ ಕತ್ತರಿಸೋಕೆ ಬಿಡ್ಲಿಲ್ಲ. ಆಮೇಲೂ ಒಂದಷ್ಟು ದಿನ ಕೇಳ್ತಿದ್ಲು. ಈಗ ಕೇಳಲ್ಲ."

ಆ ದಿನ ಲಾಂಡ್ರಿ ಅಮ್ಮನಿಗೆ ಚೆನ್ನಾಗಿ ನೆನಪಿತ್ತು. ಹೊಸ ಬಟ್ಟೆ ಉಟ್ಟು, ಅಂಗಡಿಗೆ ಅರ್ಧ ಬಾಗಿಲು ಹಾಕಿ, ಫೋನು ಮುಂದಿಟ್ಟುಕೊಂಡು ಕುಳಿತಿದ್ದರು. ಯಾರಾದರೂ ಬನ್ನಿ ಎನ್ನಲಿ ಎಂದು. ಊರಿನ ಒಂದು ತುದಿಯಲ್ಲಿ ಮಗು, ಇನ್ನೊಂದು ತುದಿಯಲ್ಲಿ ತಾನು, ನಡುವೆ ಬಸ್ಸು ಓಡಾಡುತ್ತಲೇ ಇತ್ತು. ಇದನ್ನು ಸಭ್ಯತೆ ಎಂದುಕೊಂಡಿದ್ದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಅಸಹ್ಯವಾಯಿತು. ದುಃಖ ಉಕ್ಕಿ ಬಂತು, ಅತ್ತರು. ನರ್ಸಮ್ಮ ಸಮಾಧಾನ ಮಾಡಲಿಲ್ಲ, ಪಕ್ಕದಲ್ಲಿ ಕುಳಿತಿದ್ದರು. ಅದೇ ಸಾಕಾಗಿತ್ತು.

ದೋಣಿ ಕಂಡಾಗ ಬಿಸಿಲು ಇಳಿಯುತ್ತಿತ್ತು. ಗೈಡ್ ದೂರದಿಂದಲೇ ಕೈ ಮುಗಿಯುತ್ತಾ ಬಂದ. ಪಾಪ, ಅವನ ಹಾಸ್ಯವೆಲ್ಲ ಬತ್ತಿಹೋಗಿತ್ತು.

"ನಾನು ಇವತ್ತೇ ಬರ್ತೀನಿ" ಎಂದರು ಲಾಂಡ್ರಿ ಅಮ್ಮ ಏಳುತ್ತಾ. "ನೀವು ಕರೀಬೇಡಿ. ಹಾಗೇ ಬರ್ತೀನಿ."

"ಅವಳು ಹತ್ರ ಬರಲ್ಲ, ನೋಡಿ. ಅವಿತ್ಕೋತಾಳೆ" ಎಂದರು ನರ್ಸಮ್ಮ. "ಹಾಗಂತ ಬೇಜಾರು ಮಾಡ್ಕೊಂಡು ಎದ್ದು ಹೋಗೋದಾದ್ರೆ ಈಗಲೇ ಬರಬೇಡಿ."

ದಡ ಸೇರಿ, ಇಬ್ಬರೂ ಬಸ್ಸು ಹಿಡಿದು, ಆ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲು ತೆಗೆದವಳು ಸೊಸೆ. ಮಾಜಿ ಸೊಸೆ. ಕೈಯಲ್ಲಿ ಸೌಟು ಹಿಡಿದೇ ಬಂದಿದ್ದವಳು ಒಂದು ಕ್ಷಣ ಕಂಬದಂತೆ ನಿಂತಳು. ಏನೆಂದು ಕರೆಯುವುದೆಂದು ಅವಳಿಗೂ ತೋಚಿರಲಿಕ್ಕಿಲ್ಲ. ಆಮೇಲೆ ಹಳೆಯ ರೂಢಿಯೇ ಬಾಯಿಗೆ ಬಂದು, ಬನ್ನಿ ಅತ್ತೆ ಎಂದು ದಾರಿ ಬಿಟ್ಟಳು.

ನರ್ಸಮ್ಮ ಹೇಳಿದ್ದೇ ಆಯಿತು. ಪುಟ್ಟಿ ಒಮ್ಮೆ ನೋಡಿದವಳೇ ಓಡಿಹೋಗಿ ಕಿಟಕಿಯ ಪರದೆಯ ಹಿಂದೆ ನಿಂತಳು. ಎರಡು ಪಾದ ಮಾತ್ರ ಕಾಣುತ್ತಿದ್ದವು. ಪಾದ ದೊಡ್ಡದಾಗಿತ್ತು. ಅದನ್ನು ನೋಡುತ್ತಾ ಲಾಂಡ್ರಿ ಅಮ್ಮ ಕುರ್ಚಿಯಲ್ಲಿ ಕುಳಿತರು. ಕರೆಯಲಿಲ್ಲ, ಪೂಸಿ ಹೊಡೆಯಲಿಲ್ಲ. ಅಡುಗೆಮನೆಯಿಂದ ನರ್ಸಮ್ಮ ಮತ್ತು ಅವರ ಮಗಳ ಪಿಸುಮಾತು ಕೇಳುತ್ತಿತ್ತು. ಮುಂದಿಟ್ಟ ಟೀ ಆರಿತು. ಇವರು ಕುಳಿತೇ ಇದ್ದರು.

"ಯಾಕೆ ಬರ್ಲಿಲ್ಲ?" ಎಂದಿತು ಪರದೆ.

ಮಂಡಿನೋವು, ಕೆಲಸ, ಅಂಗಡಿ ಎಂದು ಏನು ಬೇಕಾದರೂ ಹೇಳಬಹುದಿತ್ತು. ಲಾಂಡ್ರಿ ಅಮ್ಮನಿಗೆ ಸುಳ್ಳು ಹೇಳುವ ಮನಸ್ಸಾಗಲಿಲ್ಲ.

"ಯಾರಾದ್ರೂ ಕರೀಲಿ ಅಂತ ಕಾಯ್ತಾ ಇದ್ದೆ, ಪುಟ್ಟಿ."

ಪರದೆ ಒಮ್ಮೆ ಅಲ್ಲಾಡಿತು. ಆಮೇಲೆ ಅದರ ಅಂಚಿನಿಂದ ಒಂದು ಮುಖ ಹೊರಬಂತು. ಮಾಡದ ತಪ್ಪಿಗೆ ಬೈಸಿಕೊಂಡವಳ ಹಾಗೆ ಹುಬ್ಬು ಗಂಟಿಕ್ಕಿತ್ತು.

"ನಾನು ಕರೆದ್ನಲ್ಲ. ಇದೇ ಕಿಟಕೀಲಿ ನಿಂತ್ಕೊಂಡು ದಿನಾ ಕರೀತಿದ್ದೆ" ಎಂದಳು. ಒಂದು ಗಳಿಗೆ ಯೋಚಿಸಿ, ಧ್ವನಿ ತಗ್ಗಿಸಿ ಕೇಳಿದಳು, "ಇನ್ನೂ ಜೋರಾಗಿ ಕರೀಬೇಕಿತ್ತಾ ಅಜ್ಜಿ?"