ಹೊರಗೆ ಕೂತ ಒಂದು

ಕೊಳವೆಯೊಳಗೆ ಕೆಂಪಗೆ ಸುತ್ತುತ್ತಿರುವುದು ನನ್ನದೇ ರಕ್ತ, ಹೋಗುವಾಗ ಬೆಚ್ಚಗೆ, ಬರುವಾಗ ತಣ್ಣಗೆ, ಡಯಾಲಿಸಿಸ್ ಯಂತ್ರ ಗುರ್ ಎನ್ನುತ್ತದೆ, ಅನ್ನಲಿ, ನಾನೂ ಅನ್ನಬಲ್ಲೆ — ಮೇಡಂ, ರಕ್ತದಲ್ಲಿ ಪೊಟ್ಯಾಸಿಯಂ ಮತ್ತೆ ಏರಿದೆ, ಬಾಳೆಹಣ್ಣು ತಿಂದ್ರಾ, ನರ್ಸ್ ಕೇಳುತ್ತಾಳೆ, ಹೌದು ತಿಂದೆ, ಅರ್ಧ, ಏನೀಗ, ಪೊಟ್ಯಾಸಿಯಂ ಬಗ್ಗೆ ನನಗೆ ಹೇಳುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ, ಕಿಡ್ನಿ ಕೈಕೊಡುವವರೆಗೂ ಕರಿಹಲಗೆಯ ಮೇಲೆ ಅದರ ಪರಮಾಣು ಬರೆದವಳು ನಾನು, ನಡುವೆ ಬೀಜಕೇಂದ್ರ, ಸುತ್ತ ಹತ್ತೊಂಬತ್ತು ಎಲೆಕ್ಟ್ರಾನ್, ಎರಡು, ಎಂಟು, ಎಂಟು, ಒಂದು. ಎರಡು, ಎಂಟು, ಒಂಬತ್ತು ಎಂದು ಬರೆದಿದ್ದಳು ತಂಗಿ, ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ, ಹೊರ ಕವಚದಲ್ಲಿ ಎಂಟು ದಾಟಬಾರದು ಕಣೇ ಎಂದರೆ, ಮೂರನೇ ಮನೇಲಿ ಇನ್ನೂ ಜಾಗ ಇದೆಯಲ್ಲಕ್ಕಾ, ಆ ಒಂದನ್ನ ಯಾಕೆ ಹೊರಗೆ ಕೂರಿಸ್ತೀಯ, ಪಾಪ — ಪಾಪವಂತೆ! ಎಲೆಕ್ಟ್ರಾನಿಗೂ ಮರುಗುವ ಹುಡುಗಿ, ಈಗ ಬಸ್ಸು ಓಡಿಸುತ್ತಾಳೆ, ಇಬ್ಬರು ಮಕ್ಕಳ ತಾಯಿ, ಮೊನ್ನೆ ಪಕ್ಕದಲ್ಲಿ ಕೂತು ಹೇಳುತ್ತಾಳೆ, ನನ್ನದೊಂದು ಕಿಡ್ನಿ ತಗೋ ಅಕ್ಕಾ, ನೀನೇ ತಾನೇ ಹೇಳಿಕೊಟ್ಟಿದ್ದು, ಹೊರಗಿನ ಒಂದನ್ನ ಕೊಟ್ಟುಬಿಟ್ರೆ ಪೊಟ್ಯಾಸಿಯಂ ನೆಮ್ಮದಿಯಾಗಿರುತ್ತೆ ಅಂತ. ನನ್ನ ಪಾಠ ನನಗೇ ಒಪ್ಪಿಸಿದಳು.

ಬೇಡ ಅಂದರೆ ಬೇಡ. ಅದೇ ಪೊಟ್ಯಾಸಿಯಂನ ಚೂರೊಂದನ್ನು ಕ್ಲಾಸಿನಲ್ಲಿ ನಾನು ನೀರಿಗೆ ಹಾಕಿದಾಗ ಏನಾಯಿತು, ಅದನ್ನು ಮರೆತಳೇ, ಒಂದನ್ನು ಕೊಡುವ ಗಳಿಗೆಯಲ್ಲೇ ನೇರಳೆ ಬೆಂಕಿ, ಮುಂದಿನ ಬೆಂಚಿನವರೆಲ್ಲ ಎದ್ದುಬಿದ್ದು ಹಿಂದಕ್ಕೆ — ಪರಮಾಣುವಿನ ಹೊಟ್ಟೆ ಯಾರೂ ಕೊಯ್ಯುವುದಿಲ್ಲ, ಅದಕ್ಕೆ ಮಕ್ಕಳಿಲ್ಲ, ನಾಳೆ ಬಸ್ಸು ಓಡಿಸಬೇಕಿಲ್ಲ, ನನ್ನ ಕೈ ಹಿಡಿದು ಶಾಲೆಗೆ ಬಂದವಳ ಮೈಗೆ ನಾನೇ ಕತ್ತಿ ಹಾಕಿಸಲೇ, ಸಾಯುವುದಿಲ್ಲ ನಾನು, ಅವಳದನ್ನು ಕಿತ್ತುಕೊಂಡು ಬದುಕುವುದೂ ಇಲ್ಲ, ಈ ಕುರ್ಚಿ ಸಾಕು, ಭಯವಾಗುತ್ತದೆ, ಆದರೂ ಸಾಕು, ಡಾಕ್ಟರು ಏನು ಬೇಕಾದರೂ ಹೇಳಲಿ. ಹಟಮಾರಿ ಅಂತಾಳೆ ನನ್ನನ್ನು, ನಾನು ಹಟಮಾರಿಯಾದರೆ ಅವಳೇನು — ಬಾಗಿಲು ತಳ್ಳಿಕೊಂಡು ಬಂದೇಬಿಟ್ಟಳು, ಡ್ಯೂಟಿಯ ಶರ್ಟಿನಲ್ಲೇ, ಬೈಯಲು ಬಾಯಿ ತೆರೆದೆ, ಬೈಬೇಡ ಅಕ್ಕಾ, ಹೊಂದುತ್ತಾ ಅಂತ ನೋಡೋಕೆ ರಕ್ತ ಕೊಟ್ಟೇ ಬಂದೆ, ಯಾರನ್ನು ಕೇಳಿ ಕೊಟ್ಟೆ, ಎನ್ನುವಷ್ಟರಲ್ಲಿ ಮಡಚಿ ಹಿಡಿದ ತೋಳನ್ನು ಬಿಡಿಸುತ್ತಾಳೆ, ಮೊಣಕೈ ಮಡಿಕೆಯಲ್ಲಿ ಹತ್ತಿಯ ಉಂಡೆ, ಬೇಡ ಅಂದಿದ್ದೆನಲ್ಲ, ಹತ್ತಿಯ ಉಂಡೆ, ನಡುವೆ ಒಂದು ಕೆಂಪು ಚುಕ್ಕೆ, ಬೇಡ — ಒಂದು ಕೆಂಪು ಚುಕ್ಕೆ.